ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟವರ ಕಾಲುನೋವು

ಗುರುತು ಸಿಗದಂತೆ ಹೆಸರು, ಕೆಲಸ ಎಲ್ಲ ಬದಲಿಸಿದ್ದೇನೆ. ಇವರನ್ನು ರಾಜಣ್ಣ ಅನ್ನೋಣ. 54 ವರ್ಷ, ಜವಳಿ ಅಂಗಡಿಯಲ್ಲಿ ಕೆಲಸ, ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ನಿಂತೇ ಇರಬೇಕು. ಹೋದ ವರ್ಷ ಹಾರ್ಟ್ ಅಟ್ಯಾಕ್ ಆಗಿ ಒಂದು ಸ್ಟೆಂಟ್ ಹಾಕಿದ್ದಾರೆ.

ನನ್ನ ಹತ್ತಿರ ಸಲಹೆಗೆ ಕರೆತಂದದ್ದು ಹೆಂಡತಿ. ಕೂತ ತಕ್ಷಣ ಬ್ಯಾಗಿನಿಂದ ಮಾತ್ರೆ ಶೀಟುಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಬಿಪಿ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ ಎಲ್ಲ ಖಾಲಿ. ಕೊಲೆಸ್ಟ್ರಾಲ್ ಇಳಿಸುವ ಅಟೊರ್ವಾಸ್ಟಾಟಿನ್ ಶೀಟುಗಳಲ್ಲಿ ಮಾತ್ರ ಒಂದು ಮಾತ್ರೆಯನ್ನೂ ತೆಗೆದಿರಲಿಲ್ಲ. "ಬೀರುವಿನಲ್ಲಿ ಪಂಚೆ ಕೆಳಗೆ ಸಿಕ್ಕಿದ್ದು ಮೇಡಂ. ದಿನಾ ತಗೊಂಡೆ ಅಂತಾನೇ ಹೇಳ್ತಿದ್ರು." ಎರಡು ತಿಂಗಳಿಂದ ಬಿಟ್ಟಿದ್ದರು.

ರಾಜಣ್ಣ ತಲೆ ಎತ್ತಲಿಲ್ಲ. ಮೀನಖಂಡ ಹಿಂಡುತ್ತದೆ, ರಾತ್ರಿ ನಿದ್ದೆ ಬರಲ್ಲ ಅಂದರು. ಈ ಮಾತ್ರೆ ಸ್ನಾಯುವನ್ನೇ ತಿನ್ನುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತಂತೆ. ನಾನು ಅಲ್ಲೊಂದು ತಪ್ಪು ಮಾಡಿದೆ. "ಇದು ಮನಸ್ಸಿನದ್ದೂ ಇರಬಹುದು" ಅಂದುಬಿಟ್ಟೆ. "ಹಾಗಾದ್ರೆ ನಾನು ನಾಟಕ ಮಾಡ್ತಿದೀನಾ?" ಅಂತ ಎದ್ದೇ ನಿಂತರು. ಕ್ಷಮೆ ಕೇಳಿ ಕೂರಿಸಿದೆ.

ಆಮೇಲೆ ಹೇಳಿದ್ದು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಮಾಡಿದ ಸ್ಯಾಮ್ಸನ್ ಅಧ್ಯಯನದ ವಿಷಯ. 2020ರಲ್ಲಿ ಪ್ರಕಟವಾಯಿತು. 60 ಜನ, ಎಲ್ಲರೂ ತೊಂದರೆಯಾಯಿತು ಅಂತ ಸ್ಟಾಟಿನ್ (ಅಟೊರ್ವಾಸ್ಟಾಟಿನ್ ಥರದ ಕೊಲೆಸ್ಟ್ರಾಲ್ ಮಾತ್ರೆ) ಬಿಟ್ಟವರೇ, ಥೇಟ್ ರಾಜಣ್ಣನ ಹಾಗೆ. ವರ್ಷಕ್ಕೆ 12 ಬಾಟಲಿ ಕೊಟ್ಟರು: ನಾಲ್ಕರಲ್ಲಿ ಸ್ಟಾಟಿನ್, ನಾಲ್ಕರಲ್ಲಿ ಔಷಧವೇ ಇಲ್ಲದ ಹುಸಿ ಮಾತ್ರೆ, ನಾಲ್ಕು ಖಾಲಿ. ದಿನಾ ತೊಂದರೆಗೆ ಮೊಬೈಲಿನಲ್ಲಿ 100ಕ್ಕೆ ಇಷ್ಟು ಅಂತ ಅಂಕ ಹಾಕಬೇಕು. ಖಾಲಿ ಬಾಟಲಿಯ ತಿಂಗಳುಗಳಲ್ಲಿ ಸರಾಸರಿ 8, ಸ್ಟಾಟಿನ್‌ನಲ್ಲಿ 16.3, ಹುಸಿ ಮಾತ್ರೆಯಲ್ಲಿ 15.4! ಅಂದರೆ ನೋವು ನಿಜವಾಗಿಯೂ ಜಾಸ್ತಿ ಆಗಿತ್ತು, ಯಾರೂ ಸುಳ್ಳು ಹೇಳಿರಲಿಲ್ಲ, ಆದರೆ ಅದರಲ್ಲಿ ಹೆಚ್ಚಿನ ಪಾಲು ಬಂದದ್ದು ಔಷಧದಿಂದಲ್ಲ, ಮಾತ್ರೆ ನುಂಗಿದೆ ಇನ್ನೇನಾಗುತ್ತೋ ಅನ್ನೋ ಭಯದಿಂದ. ಫಲಿತಾಂಶ ತೋರಿಸಿದ ಮೇಲೆ ಅರ್ಧದಷ್ಟು ಜನ ಮತ್ತೆ ಸ್ಟಾಟಿನ್ ಶುರು ಮಾಡಿದರು.

ಹಾಗಂತ ಸ್ಟಾಟಿನ್‌ನಿಂದ ಯಾರಿಗೂ ನೋವೇ ಬರಲ್ಲ ಅಂತಲ್ಲ. 2022ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ದೊಡ್ಡ ವಿಶ್ಲೇಷಣೆಯ ಪ್ರಕಾರ ಮೊದಲ ವರ್ಷ 1000 ಜನರಲ್ಲಿ ಸುಮಾರು 11 ಮಂದಿಗೆ ಮಾತ್ರೆಯಿಂದಲೇ ಸ್ನಾಯು ತೊಂದರೆ ಆಗುತ್ತದೆ. "ಆ 11ರಲ್ಲಿ ನಾನಿಲ್ಲ ಅಂತ ಹೇಗೆ ಹೇಳ್ತೀರಿ?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಹೇಳಕ್ಕಾಗಲ್ಲ, ಅಳೆದು ನೋಡೋಣ ಅಂದೆ.

ನಾನು ಡಾಕ್ಟರಲ್ಲ. ಹಾಗಾಗಿ ಮೊದಲ ಸಲಹೆ, ಮಾತ್ರೆ ಬಿಟ್ಟದ್ದನ್ನು ಹೃದಯದ ಡಾಕ್ಟರಿಗೆ ಇದೇ ವಾರ ಮುಚ್ಚಿಡದೆ ಹೇಳಬೇಕು. ಹೇಳೋಕೆ ನಾಚಿಕೆ ಅಂದದ್ದಕ್ಕೆ ನಾನೇ ಒಂದು ಚೀಟಿ ಬರೆದುಕೊಟ್ಟೆ: ಸಿಕೆ (ಸ್ನಾಯುವಿಗೆ ಹಾನಿಯಾಗಿದೆಯಾ ಅಂತ ತೋರಿಸುವ ರಕ್ತ ಪರೀಕ್ಷೆ), ಥೈರಾಯ್ಡ್ ಪರೀಕ್ಷೆ ಬೇಕಾ, ಕಾಲಿನ ರಕ್ತನಾಳ ಕಟ್ಟಿದೆಯಾ ನೋಡಿ ಅಂತ. ನಡೆದಾಗ ಮೀನಖಂಡ ಹಿಡಿಯೋದಕ್ಕೆ ಅದೂ ಕಾರಣ ಇರಬಹುದು, ಅಲ್ವಾ? ಮೂತ್ರ ಕಡು ಚಹಾ ಬಣ್ಣಕ್ಕೆ ತಿರುಗಿದರೆ ಅಥವಾ ಕೈಕಾಲು ಸೋತರೆ ಅವತ್ತೇ ಆಸ್ಪತ್ರೆಗೆ ಹೋಗಿ ಅಂತಲೂ ಹೇಳಿದೆ.

ಎರಡನೆಯದು, ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ರಾತ್ರಿ ನೋವಿಗೆ 10ಕ್ಕೆ ಅಂಕ. ಡಾಕ್ಟರ ಅಪಾಯಿಂಟ್‌ಮೆಂಟಿಗೆ ಐದು ದಿನ ಇತ್ತು. ಆ ಐದು ಚೌಕಗಳಲ್ಲಿ ಬಂದದ್ದು 4, 6, 3, 7, 5. ಇವು ಮಾತ್ರೆಯೇ ಇಲ್ಲದ ದಿನಗಳು! 7 ಬಿದ್ದದ್ದು ಭಾನುವಾರ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದ ದಿನ. ನಾನೇನೂ ಹೇಳಲಿಲ್ಲ. ಅವರೇ ಆ ಚೌಕದ ಮೇಲೆ ಬೆರಳಿಟ್ಟು ತುಂಬಾ ಹೊತ್ತು ನೋಡಿದರು.

ಹೆಂಡತಿಗೂ ಒಂದು ಮಾತು ಹೇಳಿದ್ದೆ. ಶೀಟು ಎಣಿಸೋದು ಬಿಡಿ, "ತಗೊಂಡ್ರಾ?" ಬದಲು "ಇವತ್ತು ಕಾಲು ಹೇಗಿದೆ?" ಅಂತ ಕೇಳಿ. ಸಣ್ಣ ಬದಲಾವಣೆ, ಆದರೆ ಬಚ್ಚಿಡೋದು ಅಲ್ಲಿಗೇ ನಿಂತಿತು.

ಪರೀಕ್ಷೆಗಳಲ್ಲಿ ತೊಂದರೆ ಕಾಣಲಿಲ್ಲ. ಡಾಕ್ಟರು ಕಡಿಮೆ ಡೋಸಿನ ಬೇರೆ ಸ್ಟಾಟಿನ್ ರೋಸುವಾಸ್ಟಾಟಿನ್, ಅದರ ಜೊತೆ ಸ್ಟಾಟಿನ್ ಅಲ್ಲದ ಕೊಲೆಸ್ಟ್ರಾಲ್ ಮಾತ್ರೆ ಎಜೆಟಿಮೈಬ್ ಕೊಟ್ಟರು. 138 ಇದ್ದ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಆರು ವಾರಕ್ಕೆ 62 ಆಯಿತು. 55ಕ್ಕಿಂತ ಕೆಳಗೆ ಬರಬೇಕಂತೆ, ಇನ್ನೂ ದಾರಿ ಇದೆ. ಮಾಲೀಕರನ್ನು ಕೇಳಿ ಅಂಗಡಿಯಲ್ಲಿ ಒಂದು ಸ್ಟೂಲ್ ಹಾಕಿಸಿಕೊಂಡಿದ್ದಾರೆ. ದಸರಾ ವ್ಯಾಪಾರದ ಹೊತ್ತಿಗೆ ಮತ್ತೆ 7 ಬಂತು, ಫೋನ್ ಮಾಡಿದರು. ಮಾತ್ರೆ ಬಿಡಲಾ ಅಂತ ಕೇಳೋಕಲ್ಲ. ಎಷ್ಟು ಗಂಟೆ ನಿಂತೆ ಅನ್ನೋದನ್ನೂ ಬರೀಬೇಕು, ಚೌಕದಲ್ಲಿ ಜಾಗ ಸಾಲ್ತಿಲ್ಲ, ಏನ್ ಮಾಡಲಿ ಅಂತ.