ಡಿಸೆಂಬರ್ ಬೆಳಗಿನ ಜಾವ ಮಡಿಕೇರಿಯಿಂದ ತಲಕಾವೇರಿಗೆ ಗುಂಪಾಗಿ ಸೈಕಲ್ ತುಳಿಯುವಾಗ ಚಳಿಗಾಳಿಗೆ ಏನು ಸಿದ್ಧತೆ ಬೇಕು?

ಚಳಿ ನಿಜವಾಗಿ ಕಚ್ಚುವುದು ಇಳಿಜಾರಿನಲ್ಲಿ. ಏರಿನಲ್ಲಿ ಬೆವೆತು ಒದ್ದೆಯಾದ ಬಟ್ಟೆಗೆ ಗಾಳಿ ಬಡಿಯುತ್ತದೆ. ಹಾಗಾಗಿ ಹತ್ತಿ ಬನಿಯನ್ ಬೇಡ. ಬೇಗ ಒಣಗುವ ಪಾಲಿಯೆಸ್ಟರ್ ಅಂಗಿ, ಮೇಲೆ ಗಾಳಿ ತಡೆಯುವ ತೆಳು ಜಾಕೆಟ್. ಏರು ಶುರುವಾಗುವ ಮುನ್ನ ಜಿಪ್ ಬಿಚ್ಚಿ, ಇಳಿಯುವ ಮುನ್ನ ಹಾಕಿ. ಜಾಕೆಟ್ ಇಲ್ಲವೇ? ಅಂಗಿಯೊಳಗೆ ಎದೆಗೆ ಎರಡು ಹಾಳೆ ದಿನಪತ್ರಿಕೆ ಇಟ್ಟುಕೊಂಡರೂ ನಡೆಯುತ್ತದೆ. ಬೆರಳು ಪೂರ್ತಿ ಮುಚ್ಚುವ ಗ್ಲೌಸ್ ಮಾತ್ರ ಬಿಡಬೇಡಿ, ಮರಗಟ್ಟಿದ ಬೆರಳಿಗೆ ಬ್ರೇಕ್ ಹಿಡಿತ ಸಿಗದು.

ಭಾಗಮಂಡಲದಿಂದ ಮೇಲಕ್ಕೆ ಸುಮಾರು 8 ಕಿ.ಮೀ. ಏರು. ಎದುರುಗಾಳಿಗೆ ಒಬ್ಬರ ಹಿಂದೊಬ್ಬರು ಹೋಗಿ, ಮುಂದಿನವರು ಎರಡು ನಿಮಿಷಕ್ಕೊಮ್ಮೆ ಬದಲಾಗಲಿ. ಇಳಿಯುವಾಗ ಕನಿಷ್ಠ 10 ಮೀಟರ್ ಅಂತರ, ಮಂಜಿದ್ದರೆ ಇನ್ನೂ ಹೆಚ್ಚು. ಚಕ್ರದ ಅಂಚನ್ನು ಒತ್ತಿ ಹಿಡಿಯುವ ರಿಮ್ ಬ್ರೇಕ್ ಒದ್ದೆಯಾದರೆ ತಡವಾಗಿ ಹಿಡಿಯುತ್ತದೆ. ತಿರುವಿಗೆ ಮೊದಲೇ ಮೆಲ್ಲಗೆ ಒತ್ತಿ ನೀರು ಒರೆಸಿಕೊಳ್ಳಿ.