ಓದುಗರ ಪ್ರಶ್ನೆ: ಗೋಲ್‌ಕೀಪರ್‌ಗೆ ಎಂಥ ಹಾಕಿ ಸ್ಟಿಕ್?

ಪ್ರಶ್ನೆ: ಡಿಫೆಂಡರ್ ಆಗಿದ್ದ ನಾನು ಈಗ ಗೋಲ್‌ಕೀಪರ್ ಆಗಿದ್ದೇನೆ. ನನ್ನ ಹಳೆಯ ಸ್ಟಿಕ್ ಸಾಕೇ? ದಂಡ ಅಂಕುಡೊಂಕಾಗಿರುವ ಗೋಲ್‌ಕೀಪರ್ ಸ್ಟಿಕ್ಕಿನಲ್ಲಿ ಚೆಂಡು ತಡೆಯಲು ಹೆಚ್ಚು ಜಾಗ ಸಿಗುತ್ತದಂತೆ, ನಿಜವೇ?

ಮೊದಲು ಹಳೆಯ ಸ್ಟಿಕ್ಕನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿ. ನಿಯಮದ ಪ್ರಕಾರ 737 ಗ್ರಾಂವರೆಗೆ ಅವಕಾಶವಿದೆ, ಆದರೆ ಆ ಮಿತಿ ನಿಮಗೆ ಉಪಯೋಗಕ್ಕಿಲ್ಲ. ಡಿಫೆಂಡರ್ ಎರಡೂ ಕೈಯಲ್ಲಿ ಹಿಡಿದು ಹೊಡೆಯುತ್ತಾನೆ, ಅವನಿಗೆ ತಲೆಭಾರದ ಸ್ಟಿಕ್ ಅನುಕೂಲ. ಕೀಪರ್ ಹಿಡಿಯುವುದು ಬಲಗೈ ಒಂದರಲ್ಲಿ, ಅದೂ ದಪ್ಪ ಗ್ಲೌಸ್ ತೊಟ್ಟು. ಸುಮಾರು 500ರಿಂದ 540 ಗ್ರಾಂ ಇದ್ದು, ಕೆಳತುದಿ ಹಗುರವಾಗಿದ್ದರೆ ಸಾಮಾನ್ಯ ಸ್ಟಿಕ್ಕಿನಲ್ಲೇ ಧಾರಾಳವಾಗಿ ಆಡಬಹುದು.

ತೂಕ ಒಂದೇ ಆದರೂ ಅದು ಎಲ್ಲಿ ಕೂತಿದೆ ಎನ್ನುವುದು ಮುಖ್ಯ. ಗ್ಲೌಸ್ ಹಾಕಿಕೊಂಡು, ದಂಡದ ಮೇಲ್ತುದಿಯಿಂದ ಸುಮಾರು ಮೂರನೇ ಒಂದು ಭಾಗ ಕೆಳಗೆ ಹಿಡಿದು, ತೋಳನ್ನು ಬಲಕ್ಕೆ ನೇರವಾಗಿ ಚಾಚಿ. ಅರ್ಧ ನಿಮಿಷದೊಳಗೆ ತುದಿ ಜೋಲತೊಡಗಿದರೆ ಅದು ನಿಮಗಲ್ಲ. ಜೋಲುವ ತುದಿ ಪಂದ್ಯದ ಕೊನೆಯ ಕಾಲುಭಾಗದಲ್ಲಿ ಚೆಂಡಿಗಿಂತ ತಡವಾಗಿ ನೆಲ ಮುಟ್ಟುತ್ತದೆ.

ಇನ್ನು ಅಂಕುಡೊಂಕಿನ ವಿಷಯ. ಯಾವುದೇ ಸ್ಟಿಕ್, ಅದರ ಮೇಲೆ ಸುತ್ತಿದ ಟೇಪು ಸಮೇತ, 51 ಮಿ.ಮೀ. ಒಳವ್ಯಾಸದ ಬಳೆಯಲ್ಲಿ ಪೂರ್ತಿ ತೂರಿ ಹೋಗಬೇಕು. ಹಾಗಾಗಿ ‘ಅಗಲವಾದ ದಂಡ’ ಎಂಬುದೇ ಸಾಧ್ಯವಿಲ್ಲ. ದಂಡ ಬಳುಕಿದರೆ ಅಗಲ ಹೆಚ್ಚುವುದಿಲ್ಲ, ಇರುವ ಅಗಲವೇ ಅತ್ತಿತ್ತ ಸರಿದು ಕೂರುತ್ತದೆ. ಅದರಿಂದ ಸಿಗುವ ಲಾಭ ಜಾಹೀರಾತು ಹೇಳುವಷ್ಟು ದೊಡ್ಡದಲ್ಲ. ಗೋಲ್‌ಕೀಪರ್ ಸ್ಟಿಕ್ಕಿನ ನಿಜವಾದ ಅನುಕೂಲ ಬೇರೆ ಎರಡು: ಹಗುರತನ, ಮತ್ತು ಹೆಚ್ಚು ಕೊಕ್ಕೆಯಂತೆ ಬಾಗಿದ ತಲೆ. ನೆಲಕ್ಕೆ ಬಿದ್ದು ಸ್ಟಿಕ್ ಹಾಸಿದಾಗ ದಂಡದ ಗುಂಟ ಜಾರಿ ಬಂದ ಚೆಂಡು ಆ ಕೊಕ್ಕೆಯಲ್ಲಿ ಸಿಕ್ಕಿಕೊಳ್ಳುತ್ತದೆ.

ಕಾರ್ಬನ್ ಪ್ರಮಾಣ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಅಂಗಡಿಯವರು ಹೇಳಿದರೆ ತಲೆಯಾಡಿಸಿ ಮುಂದೆ ಹೋಗಿ. ಕಾರ್ಬನ್ ಸ್ಟಿಕ್ಕನ್ನು ಬಿಗಿಯಾಗಿಸುತ್ತದೆ, ಹೊಡೆತಕ್ಕೆ ಬಿರುಸು ಕೊಡುತ್ತದೆ. ಕೀಪರ್ ಹೊಡೆಯುವುದೇ ಅಪರೂಪ. ಬಿಗಿ ಸ್ಟಿಕ್ಕಿಗೆ ತಾಗಿದ ಚೆಂಡು ಚಿಮ್ಮಿ ಎದುರಾಳಿಯ ಕಾಲಬುಡಕ್ಕೇ ಹೋಗಬಹುದು. ಗ್ಲಾಸ್ ಫೈಬರ್ ಹೆಚ್ಚಿರುವ ಸ್ಟಿಕ್ ಮೆದು, ಕೈಗೆ ಹೊಡೆತದ ಕಂಪನವೂ ಕಡಿಮೆ. ಅಲ್ಲಿ ಉಳಿದ ಹಣವನ್ನು ಪಾದಕ್ಕೆ ತೊಡುವ ಕವಚವಾದ ಕಿಕ್ಕರ್‌ಗೂ ಹೆಲ್ಮೆಟ್ಟಿಗೂ ಹಾಕಿ.

ಪ್ರಶ್ನೆ: ನನ್ನ ಮಗಳು ಶಾಲಾ ತಂಡದ ಕೀಪರ್. ಉದ್ದದ ಸ್ಟಿಕ್ ಕೊಡಿಸಿದರೆ ಚೆಂಡು ಹೆಚ್ಚು ದೂರಕ್ಕೆ ಎಟುಕುವುದಿಲ್ಲವೇ?

ಅವಳು ಸ್ಟಿಕ್ಕನ್ನು ಎಲ್ಲಿ ಹಿಡಿಯುತ್ತಾಳೆ ಎಂಬುದರ ಮೇಲೆ ನಿಂತಿದೆ. ಸಿದ್ಧ ನಿಲುವಿನಲ್ಲಿ ಎಲ್ಲ ಕೀಪರ್‌ಗಳೂ ದಂಡವನ್ನು ಕೆಳಗೆ ಹಿಡಿಯುತ್ತಾರೆ. ಬಲಕ್ಕೆ ಧುಮುಕುವಾಗ ದಂಡ ಅಂಗೈಯೊಳಗೇ ಜಾರಿ, ಹಿಡಿತ ಮೇಲ್ತುದಿಗೆ ಬರಬೇಕು. ಈ ಜಾರಿಕೆ ಅಭ್ಯಾಸವಾಗಿಲ್ಲದವರಿಗೆ ಉದ್ದದ ಸ್ಟಿಕ್ ಕೊಟ್ಟರೆ, ಹೆಚ್ಚಿನ ಉದ್ದ ಮೊಣಕೈಯ ಹಿಂದೆ ಉಳಿದು ಪ್ಯಾಡಿಗೋ ಎದೆಕವಚಕ್ಕೋ ಸಿಕ್ಕಿಕೊಳ್ಳುತ್ತದೆ, ಅಷ್ಟೇ.

ಪೂರ್ತಿ ಸಾಮಗ್ರಿ ತೊಟ್ಟ ಮೇಲೆಯೇ ಅಳತೆ ನೋಡಿ. ಮಂಡಿ ಬಾಗಿಸಿ, ಭಾರವನ್ನು ಮುಂಗಾಲ ಮೇಲೆ ಹಾಕಿ ನಿಲ್ಲಿಸಿ. ಬಲಗೈ ಸೊಂಟದ ಎತ್ತರದಲ್ಲಿ, ದೇಹದಿಂದ ಸ್ವಲ್ಪ ಹೊರಗಿರಲಿ. ಆಗ ಸ್ಟಿಕ್ಕಿನ ತಲೆ ನೆಲಕ್ಕೆ ತಾಗದೆ ಸಲೀಸಾಗಿ ಅತ್ತಿತ್ತ ಆಡಬೇಕು, ಮೇಲ್ತುದಿ ಪಕ್ಕೆಗೆ ಚುಚ್ಚಬಾರದು. ಬೆಳೆದ ಕೀಪರ್‌ಗಳಿಗೆ 36.5 ಅಂಗುಲ ಸಾಮಾನ್ಯ ಅಳತೆ, ತೀರ ಎತ್ತರದವರು 37.5 ತೆಗೆದುಕೊಳ್ಳುತ್ತಾರೆ. ಮಕ್ಕಳಿಗೆ 34 ಅಥವಾ 35ರಿಂದ ಶುರು ಮಾಡಿ. ಬೆಳೆಯುವ ಮಗಳೆಂದು ಎರಡು ಅಂಗುಲ ಮುಂಚಿತವಾಗಿ ಕೊಡಿಸಬೇಡಿ. ಚಪ್ಪಲಿಗೆ ಆ ಲೆಕ್ಕ ನಡೆದೀತು, ಸ್ಟಿಕ್ಕಿಗೆ ನಡೆಯುವುದಿಲ್ಲ.

ಪ್ರಶ್ನೆ: ಜೋರಾದ ಚೆಂಡು ತಾಗಿದಾಗ ಗ್ಲೌಸ್ ಒಳಗೇ ಸ್ಟಿಕ್ ತಿರುಗಿಬಿಡುತ್ತದೆ. ಗಟ್ಟಿಯಾಗಿ ಹಿಡಿದರೆ ಮುಂಗೈ ನೋಯುತ್ತದೆ. ಗ್ಲೌಸಿಗೇ ಕಟ್ಟಿಕೊಳ್ಳಬಹುದೇ?

ಕಟ್ಟಿಕೊಳ್ಳುವಂತಿಲ್ಲ. ಕೈ ಬಿಟ್ಟ ಮೇಲೂ ಸ್ಟಿಕ್ ಅಂಟಿಕೊಂಡಿರುವಂಥ ಯಾವ ಏರ್ಪಾಡೂ ಗ್ಲೌಸಿನಲ್ಲಿ ಇರಬಾರದೆಂದು ನಿಯಮವಿದೆ. ಕೈಯಲ್ಲಿ ಸ್ಟಿಕ್ ಇದ್ದಾಗ ಮಾತ್ರ ಕೀಪರ್‌ಗೆ ಸರ್ಕಲ್ (ಗೋಲಿನ ಮುಂದಿನ ಅರ್ಧವೃತ್ತದ ಆವರಣ) ಒಳಗೆ ಕಾಲು, ಮೈಯಿಂದ ಚೆಂಡು ತಡೆಯುವ ವಿಶೇಷ ಹಕ್ಕು, ಅದನ್ನೂ ನೆನಪಿಡಿ. ಬಿದ್ದರೆ ಮೊದಲು ಎತ್ತಿಕೊಳ್ಳಿ.

ತೊಂದರೆ ಬಹುಶಃ ಗ್ರಿಪ್ಪಿನದು. ಕಾರ್ಖಾನೆಯ ಗ್ರಿಪ್ ಸುತ್ತುವುದು ಎರಡು ಕೈಯ ಆಟಗಾರನನ್ನು ಮನಸ್ಸಿನಲ್ಲಿಟ್ಟುಕೊಂಡು. ನೀವು ಹಿಡಿಯುವ ಜಾಗಕ್ಕೆ ಬರುವಷ್ಟರಲ್ಲಿ ಅದು ಮುಗಿದಿರುತ್ತದೆ, ಅಥವಾ ಅದರ ಅಂಚು ಸರಿಯಾಗಿ ಅಂಗೈ ನಡುವೆ ಬರುತ್ತದೆ. ಹಳೆಯದನ್ನು ಪೂರ್ತಿ ಬಿಚ್ಚಿ, ಅಂಟನ್ನು ಒರೆಸಿ ಒಣಗಿಸಿ. ಮೇಲ್ತುದಿಯಿಂದ ಶುರು ಮಾಡಿ, ಪ್ರತಿ ಸುತ್ತೂ ಹಿಂದಿನ ಸುತ್ತಿನ ಮೇಲೆ 3ರಿಂದ 4 ಮಿ.ಮೀ. ಏರುವಂತೆ, ಎಳೆದು ಹಿಡಿದು ಸುತ್ತಿ. ಮೇಲ್ತುದಿಯಿಂದ 45 ಸೆಂ.ಮೀ.ವರೆಗಾದರೂ ಇಳಿಯಬೇಕು. ಒಂದು ಸುರುಳಿ ಸಾಲದು, ಎರಡನೆಯದನ್ನು ಜೋಡಿಸಬೇಕಾಗುತ್ತದೆ. ಜೋಡಣೆ ಅಂಗೈ ಕೂರುವ ಜಾಗದಲ್ಲಿ ಬಾರದಂತೆ ಮೊದಲೇ ಅಳೆದುಕೊಳ್ಳಿ. ಕೊನೆಯನ್ನು ಓರೆಯಾಗಿ ಕತ್ತರಿಸಿ ಟೇಪಿನಿಂದ ಮುಗಿಸಿ.

ದಪ್ಪ ಗ್ರಿಪ್ ಹಾಕಿದರೆ ಹಿಡಿತ ಬಿಗಿಯಾಗುತ್ತದೆ ಎಂಬುದು ತಪ್ಪು ಲೆಕ್ಕ. ಗ್ಲೌಸಿನ ಅಂಗೈ ಬಟ್ಟೆಯೇ ಒಂದಿಷ್ಟು ದಪ್ಪ ಸೇರಿಸಿರುತ್ತದೆ. ಅದರ ಮೇಲೆ ಮೆತ್ತನೆಯ ಗ್ರಿಪ್ ಬಂದರೆ ಬೆರಳುಗಳು ಪೂರ್ತಿ ಸುತ್ತುವರಿಯುವುದೇ ಇಲ್ಲ, ಮುಂಗೈ ನೋವು ಅಲ್ಲಿಂದಲೇ. ತೆಳು ಶಾಮಿ (ಮೆದು ಚರ್ಮದಂಥ ಬಟ್ಟೆಯ) ಗ್ರಿಪ್ ಒಳ್ಳೆಯದು, ನೀರು ಹಾಯಿಸಿದ ಟರ್ಫಿನಲ್ಲಿ ಒದ್ದೆಯಾದರೂ ಅಂಟು ಬಿಡುವುದಿಲ್ಲ. ಇಷ್ಟಾದ ಮೇಲೂ ತಿರುಗಿದರೆ ಚೆಂಡು ದಂಡದ ಅಂಚಿಗೆ ತಾಗುತ್ತಿದೆ ಎಂದರ್ಥ. ಚಪ್ಪಟೆ ಮುಖ ಪೂರ್ತಿ ಚೆಂಡಿನ ಕಡೆ ಇದೆಯೇ ಎಂದು ಯಾರಿಗಾದರೂ ಮುಂದೆ ನಿಂತು ನೋಡಲು ಹೇಳಿ.

ಪ್ರಶ್ನೆ: ನಾನು ಎಡಚ. ಸ್ಟಿಕ್ಕನ್ನು ಎಡಗೈಯಲ್ಲಿ ಹಿಡಿಯಬಾರದೇಕೆ?

ಸ್ಟಿಕ್ಕಿಗೆ ಚಪ್ಪಟೆ ಮುಖ ಎಡಬದಿಯಲ್ಲಿ ಮಾತ್ರ ಇರಬೇಕು, ಎಡಗೈಯವರ ಸ್ಟಿಕ್ ಎಂಬುದು ನಿಯಮದಲ್ಲಿಲ್ಲ. ಬಲಗೈಯಲ್ಲಿ ಹಿಡಿದು ಚಪ್ಪಟೆ ಮುಖವನ್ನು ಚೆಂಡಿಗೆ ತೋರಿಸುತ್ತ ಬಲಕ್ಕೆ ನೆಲದ ಮೇಲೆ ಚಾಚಿದರೆ, ದಂಡ ನೆಲಕ್ಕೆ ಒರಗಿ ಕೊಕ್ಕೆ ಮೇಲಕ್ಕೆ ನಿಲ್ಲುತ್ತದೆ. ಅದೇ ಸ್ಟಿಕ್ಕನ್ನು ಎಡಗೈಯಲ್ಲಿ ಎಡಕ್ಕೆ ಚಾಚಿ ನೋಡಿ: ಕೊಕ್ಕೆ ಕೆಳಮುಖವಾಗಿ ನೆಲಕ್ಕೆ ಊರಿ, ದಂಡ ಎದ್ದು, ಅಡಿಯಲ್ಲಿ ಸಂದು ಬೀಳುತ್ತದೆ. ಬಲಗೈಯ ಕೀಪರ್‌ಗೂ ಎಡಬದಿಯ ನೆಲಚೆಂಡಿಗೆ ಸ್ಟಿಕ್ ಎಳೆದು ತರುವುದು ಇದೇ ಕಾರಣಕ್ಕೆ ಕಷ್ಟ, ಅಲ್ಲಿ ಎಡಗಾಲ ಪ್ಯಾಡೂ ಎಡಗೈ ಗ್ಲೌಸೂ ಮೊದಲು. ಎಡಚರಾಗಿರುವುದು ನಿಮಗೆ ಅಲ್ಲಿ ವರವೇ, ಬರಿ ಗ್ಲೌಸಿನ ಕೈ ನಿಮ್ಮ ಚುರುಕು ಕೈ.

ಪ್ರಶ್ನೆ: ಪಂದ್ಯಕ್ಕೆ ಮುಂಚೆ ಸ್ಟಿಕ್ ನಿಯಮಬದ್ಧವೇ ಎಂದು ಮನೆಯಲ್ಲೇ ನೋಡುವುದು ಹೇಗೆ?

ಸಮತಟ್ಟಾದ ಮೇಜಿನ ಮೇಲೆ ಚಪ್ಪಟೆ ಮುಖ ಕೆಳಗಾಗಿ ಮಲಗಿಸಿ. ದಂಡದ ಬಾಗು ಮೇಜಿನಿಂದ 25 ಮಿ.ಮೀ.ಗಿಂತ ಹೆಚ್ಚು ಏಳಬಾರದು. ಅಷ್ಟೇ ಎತ್ತರದ ಮರದ ತುಂಡು ಅಡಿಯಲ್ಲಿ ಸಲೀಸಾಗಿ ತೂರಿ ಆಚೆ ಹೋದರೆ ಅನುಮಾನಿಸಿ. ಬಾಗಿನ ಅತಿ ಎತ್ತರದ ಬಿಂದು ತಲೆಯ ತಳದಿಂದ 200 ಮಿ.ಮೀ. ಒಳಗೆ ಬರುವಂತಿಲ್ಲ. ಒಟ್ಟು ಉದ್ದ 105 ಸೆಂ.ಮೀ. ಮೀರಬಾರದು. ಸ್ಟಿಕ್ಕನ್ನು ನೆಟ್ಟಗೆ ನಿಲ್ಲಿಸಿದಾಗ ಕೊಕ್ಕೆಯ ತುದಿ ತಳದಿಂದ 100 ಮಿ.ಮೀ.ಗಿಂತ ಮೇಲೇರಬಾರದು. ಕೀಪರ್ ಸ್ಟಿಕ್ಕುಗಳಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಈ ಕೊನೆಯದನ್ನು. ಅತಿ ಬಾಗು, ಅದರಲ್ಲೂ ತಲೆಯ ಹತ್ತಿರದ ಬಾಗು, ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಗೋಲಿಗೆ ಎಸೆಯುವ ಹೊಡೆತ) ಮಾಡುವವರಿಗೆ ಬೇಕಾದ್ದು. ನಿಮಗೆ 20 ಮಿ.ಮೀ. ಆಸುಪಾಸಿನದು ಬೇಕಾದಷ್ಟಾಯಿತು, ಚೆಂಡು ತಾಗಿ ಯಾವ ಕಡೆ ಹೋಗುತ್ತದೆಂದು ಊಹಿಸಲು ಕಡಿಮೆ ಬಾಗೇ ಮೇಲು.

ಪ್ರಶ್ನೆ: ಪೆನಾಲ್ಟಿ ಸ್ಟ್ರೋಕಿಗೂ ಶೂಟ್‌ಔಟಿಗೂ ಬೇರೆ ಬೇರೆ ಸ್ಟಿಕ್ ಇಟ್ಟುಕೊಳ್ಳಬೇಕೇ?

ಬೇಡ. ಸ್ಟ್ರೋಕಿನಲ್ಲಿ, ಅಂದರೆ ಒಬ್ಬನೇ ಆಟಗಾರ ನಿಂತ ಚೆಂಡನ್ನು ಗೋಲಿಗೆ ತಳ್ಳುವಾಗ, ಅದು ಬರುವುದು ಸುಮಾರು 6.4 ಮೀಟರ್ ದೂರದಿಂದ, ಬಲ ಮೇಲ್ಮೂಲೆಗೆ ತೋಳು ಸಾಲದಾದಾಗ ಮಾತ್ರ ಸ್ಟಿಕ್ ಕೆಲಸಕ್ಕೆ ಬರುತ್ತದೆ. ಶೂಟ್‌ಔಟಿನಲ್ಲಿ ಒಬ್ಬ ದಾಳಿಗಾರನಿಗೆ ಚೆಂಡು ತಂದು ಗೋಲು ಹೊಡೆಯಲು ಸಿಗುವ 8 ಸೆಕೆಂಡುಗಳಲ್ಲಿ ಸ್ಟಿಕ್ಕನ್ನು ನೆಲಕ್ಕೆ ಹಾಸಿ ದಾಳಿಗಾರನ ದಾರಿ ಕಟ್ಟುತ್ತೀರಿ. ಕೈಗೆ ಒಗ್ಗಿದ ಒಂದೇ ಸ್ಟಿಕ್ ಎರಡಕ್ಕೂ ಇರಲಿ. ಒಡೆದರೆ ಇರಲೆಂದು ಅದೇ ಉದ್ದ, ಅದೇ ತೂಕ, ಅದೇ ಗ್ರಿಪ್ಪಿನ ಇನ್ನೊಂದನ್ನು ಚೀಲದಲ್ಲಿಡಿ.

ಪ್ರಶ್ನೆ: ಸ್ಟಿಕ್ಕಿನ ಒಂದು ಅಂಚು ಸವೆದು ನಾರು ಎದ್ದಿದೆ. ಬಿಸಾಡಬೇಕೇ?

ನೆಲಕ್ಕೆ ಹಾಸಿ ಎಳೆಯುವುದರಿಂದ ಕೀಪರ್ ಸ್ಟಿಕ್ ಸವೆಯುವುದೇ ಕೆಳಗಿನ ಅಂಚಿನಲ್ಲಿ, ಮರಳು ಹಾಕಿದ ಟರ್ಫಿನಲ್ಲಿ ಇನ್ನೂ ಬೇಗ. ಎದ್ದ ನಾರು ಚುಚ್ಚುತ್ತದೆ, ಹಾಗೆಯೇ ಆಡಿದರೆ ಅಂಪೈರ್ ತಡೆಯಬಹುದು. ನಯವಾದ ಉಪ್ಪುಕಾಗದದಿಂದ ಉಜ್ಜಿ, ಎಪಾಕ್ಸಿ ಅಂಟನ್ನು ತೆಳ್ಳಗೆ ಸವರಿ, ಒಂದು ದಿನ ಒಣಗಲು ಬಿಟ್ಟು, ಮೇಲೆ ಒಂದು ಪದರ ಟೇಪು ಅಂಟಿಸಿ. ಆಮೇಲೆ ಬಳೆಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಉಜ್ಜುವ ಮೊದಲು ನಾಣ್ಯದಿಂದ ದಂಡದುದ್ದಕ್ಕೂ ತಟ್ಟುತ್ತ ಬನ್ನಿ. ಟಣ್ ಎನ್ನುತ್ತಿದ್ದ ಸದ್ದು ಒಂದೆಡೆ ಮಂಕಾದರೆ ಒಳಗಿನ ಪದರ ಬಿಟ್ಟಿದೆ, ಅದಕ್ಕೆ ಅಂಟು ಹಚ್ಚಿ ಪ್ರಯೋಜನವಿಲ್ಲ.