ಓದುಗರ ಪ್ರಶ್ನೆ: ಎಲೆ ಬಂತು, ಹೂವೇಕೆ ಬರಲಿಲ್ಲ?

ಪ್ರಶ್ನೆ: ನಮ್ಮ ತೋಟಗಾರಿಕಾ ಸಂಘದ ಪಾತಿಯಲ್ಲಿ ಹಾಕಿದ್ದ ಟ್ಯೂಲಿಪ್ ಮತ್ತು ಡ್ಯಾಫೋಡಿಲ್ ಗೆಡ್ಡೆಗಳು ಕಳೆದ ವಸಂತದಲ್ಲಿ ಸೊಗಸಾಗಿ ಹೂಬಿಟ್ಟವು. ಹೂವು ಬಾಡಿದೊಡನೆ ಪಾತಿ ಚೊಕ್ಕಟವಾಗಿ ಕಾಣಲೆಂದು ಎಲೆಗಳನ್ನು ಕತ್ತರಿಸಿದೆವು. ಈ ಬಾರಿ ಬಂದದ್ದು ಬರೀ ಎಲೆ. ಗೊಬ್ಬರ ಸಾಲದಾಯಿತೆ? ಜೊತೆಗೆ, ಉಪನ್ಯಾಸಗಳಿಂದ ಬೇಸತ್ತಿರುವ ಸದಸ್ಯರಿಗೆ ವಸಂತದಲ್ಲಿ ಯಾವ ಕೆಲಸ ಕೊಡಬಹುದು?

ಉತ್ತರ: ಕೊರತೆಯಾದದ್ದು ಗೊಬ್ಬರವಲ್ಲ, ಎಲೆ. ಮುಂದಿನ ವರ್ಷದ ಹೂವಿಗೆ ಬೇಕಾದ ಆಹಾರವನ್ನು ಎಲೆಗಳು ಹೂವು ಮುಗಿದ ಮೇಲೆಯೇ ಗೆಡ್ಡೆಗೆ ತುಂಬುತ್ತವೆ. ಆದ್ದರಿಂದ ಬಾಡಿದ ಹೂವನ್ನಷ್ಟೇ ಚಿವುಟಿ, ಎಲೆಗಳನ್ನು ಕನಿಷ್ಠ 6 ವಾರ, ಅವು ತಾವಾಗಿ ಹಳದಿಯಾಗುವವರೆಗೆ ಬಿಡಬೇಕು. ಅಂದಕ್ಕಾಗಿ ಗಂಟು ಕಟ್ಟುವುದೂ ಬೇಡ. ಡ್ಯಾಫೋಡಿಲ್ ಹೀಗೆ ಆರೈಕೆ ಮಾಡಿದರೆ ವರ್ಷಗಟ್ಟಲೆ ಹೂ ಕೊಡುತ್ತದೆ. ಟ್ಯೂಲಿಪ್‌ನ ಹೈಬ್ರಿಡ್ ತಳಿಗಳಲ್ಲಿ ಹೆಚ್ಚಿನವು ಎಷ್ಟು ಜೋಪಾನ ಮಾಡಿದರೂ ಎರಡನೆಯ ವರ್ಷ ಸೊರಗುತ್ತವೆ, ಅದಕ್ಕಾಗಿ ನೀವು ನೊಂದುಕೊಳ್ಳಬೇಕಿಲ್ಲ. ಟ್ಯೂಲಿಪ್‌ಗೆ ಸುಮಾರು 12ರಿಂದ 16 ವಾರಗಳ ಚಳಿಯೂ ಬೇಕು. ಚಳಿ ಸಾಲದ ಕಡೆ ಗೆಡ್ಡೆಗಳನ್ನು ಫ್ರಿಜ್‌ನಲ್ಲಿಟ್ಟು ನಂತರ ನೆಡುವವರು ಪಕ್ಕದಲ್ಲಿ ಸೇಬುಹಣ್ಣು ಇಡಬಾರದು, ಏಕೆಂದರೆ ಹಣ್ಣಿನಿಂದ ಹೊಮ್ಮುವ ಎಥಿಲೀನ್ ಅನಿಲಕ್ಕೆ ಒಳಗಿನ ಮೊಗ್ಗು ಸತ್ತುಹೋಗುತ್ತದೆ.

ಚಟುವಟಿಕೆಯನ್ನೂ ಇಲ್ಲಿಂದಲೇ ಆರಂಭಿಸಬಹುದು. ನೆಡುವ ಕಾಲ ಬಂದಾಗ ಒಂದು ಟ್ಯೂಲಿಪ್ ಗೆಡ್ಡೆಯನ್ನು ಚಾಕುವಿನಿಂದ ಉದ್ದುದ್ದ ಸೀಳಿ ತೋರಿಸಿದರೆ, ದಪ್ಪ ಬಿಳಿ ಪದರಗಳ ನಡುವೆ ಎಳೆಯ ಎಲೆಗಳೂ ಅವುಗಳೊಳಗೆ ಪುಟ್ಟ ಹೂಮೊಗ್ಗೂ ಆಗಲೇ ಸಿದ್ಧವಾಗಿರುವುದು ಕಾಣುತ್ತದೆ. ಒಂದು ಗಂಟೆಯ ಉಪನ್ಯಾಸಕ್ಕಿಂತ ಇದು ಮೇಲೆಂಬುದು ನನ್ನ ಅಭಿಪ್ರಾಯ. (ಡ್ಯಾಫೋಡಿಲ್ ಗೆಡ್ಡೆ ವಿಷಕಾರಿ, ನೋಡಲು ಈರುಳ್ಳಿಯಂತೆಯೇ ಇರುವುದರಿಂದ ಅಡುಗೆಮನೆಯತ್ತ ಸುಳಿಯದಂತೆ ನೋಡಿಕೊಳ್ಳಿ.)

ವಸಂತದ ಮುಖ್ಯ ಕೆಲಸವೆಂದರೆ ಬುಡ ಒಡೆದು ಹಂಚುವುದು. ಬೇಸಿಗೆಯ ಕೊನೆಗೆ ಹೂಬಿಡುವ ಆಸ್ಟರ್‌ನಂತಹ ಬಹುವಾರ್ಷಿಕ ಗಿಡಗಳ ಪೊದೆಯನ್ನು ಚಿಗುರು ಮೂಡುತ್ತಿರುವಾಗಲೇ ಅಗೆದು, ಪ್ರತಿ ತುಂಡಿನಲ್ಲೂ ಬೇರು ಮತ್ತು ಚಿಗುರು ಇರುವಂತೆ ಸೀಳಿ, ಬಳಲಿದ ನಡುಭಾಗವನ್ನು ಬಿಸಾಡಿ, ಹೊರಸುತ್ತಿನ ತುಂಡುಗಳನ್ನು ಸದಸ್ಯರಿಗೆ ಕೊಡಿ. ಸದಸ್ಯರು ತಮ್ಮ ಗಿಡಗಳನ್ನೂ ತಂದು ಬದಲಾಯಿಸಿಕೊಳ್ಳುವುದಾದರೆ ಎಚ್ಚರ, ಸಸಿ ವಿನಿಮಯದ ಜೊತೆಗೆ ಹುಳು ಮತ್ತು ರೋಗಗಳ ವಿನಿಮಯವೂ ನಡೆದುಬಿಡುತ್ತದೆ! ತಂದ ಗಿಡದ ಎಲೆಯ ಅಡಿಭಾಗವನ್ನೂ ಕಾಂಡದ ಸಂದುಗಳನ್ನೂ ಪರೀಕ್ಷಿಸಿ, ಹಿಟ್ಟು ತಿಗಣೆಯ ಹತ್ತಿಯಂತಹ ಬಿಳಿ ಮೇಣ ಕಂಡರೆ ಹಿಂದಕ್ಕೆ ಕಳುಹಿಸುವ ಅಧಿಕಾರವನ್ನು ಯಾರಿಗಾದರೂ ವಹಿಸಿ. ಒಳಗೆ ಬೆಳೆಸಿದ ಸಸಿಗಳನ್ನು ಹಂಚುವುದಾದರೆ, ಅವುಗಳನ್ನು ಒಂದು ವಾರದಿಂದ 10 ದಿನ ಸ್ವಲ್ಪ ಸ್ವಲ್ಪವಾಗಿ ಹೊರಗಿನ ಬಿಸಿಲು ಗಾಳಿಗೆ ಒಗ್ಗಿಸಿಯೇ ಪಾತಿಗೆ ಇಳಿಸಬೇಕೆಂದು ತಿಳಿಸಿರಿ.

ಪ್ರಶ್ನೆ: ವಸಂತದಲ್ಲಿ ಹೂಬಿಡುವ ಲೈಲಾಕ್, ಫೋರ್ಸಿಥಿಯಾ ಪೊದೆಗಳನ್ನು ಸವರಲು ಚಳಿಗಾಲದ ಕೊನೆ ಸರಿಯೆ?

ಉತ್ತರ: ಸರಿಯಲ್ಲ. ಇವುಗಳ ಮೊಗ್ಗುಗಳು ಹಿಂದಿನ ವರ್ಷ ಬೆಳೆದ ಕೊಂಬೆಗಳ ಮೇಲೆ ಆಗಲೇ ಕೂತಿರುತ್ತವೆ, ಆಗ ಸವರಿದರೆ ಹೂವನ್ನೇ ಕತ್ತರಿಸಿದಂತಾಗುತ್ತದೆ. ಹೂವು ಮುಗಿದ ಕೂಡಲೇ ಸವರಿದರೆ ಹೊಸ ಕೊಂಬೆಗಳಿಗೆ ಮುಂದಿನ ಮೊಗ್ಗು ಕಟ್ಟಲು ಸಮಯ ಸಿಗುತ್ತದೆ. ಒಣಗಿದ ಮತ್ತು ರೋಗ ತಗುಲಿದ ಕೊಂಬೆಗಳನ್ನು ಮಾತ್ರ ಯಾವಾಗ ಬೇಕಾದರೂ ತೆಗೆಯಬಹುದು.